ಬೈಲಕುಪ್ಪೆಯಿಂದ ಮೂಲ ಮಠಗಳತ್ತ: ಟಿಬೆಟ್ಟಿನ ದೂರದ ವಿಹಾರಗಳಿಗೆ ನೆಲದ ದಾರಿಯಲ್ಲಿ ಹೋಗುವುದು ಹೇಗೆ?

ಪ್ರಶ್ನೆ: ನಾವು ಮೈಸೂರಿನವರು. ನಾನು, ನನ್ನ ಪತ್ನಿ ಇಬ್ಬರೂ ಅರವತ್ತರ ಆಸುಪಾಸಿನಲ್ಲಿದ್ದೇವೆ. ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮತ್ತು ಸೆರಾ ಮಠಗಳಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇವೆ. ಇವುಗಳ ಮೂಲ ಮಠಗಳು ಟಿಬೆಟ್ಟಿನಲ್ಲಿ ಈಗಲೂ ನಡೆಯುತ್ತಿವೆ ಎಂದು ಅಲ್ಲಿಯ ಭಿಕ್ಷುಗಳಿಂದ ತಿಳಿಯಿತು. ವಿಮಾನದಲ್ಲಿ ಲ್ಹಾಸಾಕ್ಕೆ ಇಳಿದು ಮೂರು ದಿನದಲ್ಲಿ ಮರಳುವ ಪ್ರವಾಸ ನಮಗೆ ಬೇಡ. ರೈಲು, ಬಸ್ಸು, ಬಾಡಿಗೆ ಕಾರುಗಳಲ್ಲಿ ನಿಧಾನವಾಗಿ ಸಾಗಿ ಮೂಲ ಮಠಗಳನ್ನು ನೋಡಬೇಕು, ದೂರದ ಒಂದೂರಿನ ಹಬ್ಬವನ್ನೂ ಕಾಣಬೇಕು ಎಂಬ ಆಸೆಯಿದೆ. ನಮ್ಮಂಥವರಿಗೆ ಇದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಸಾಧ್ಯ. ಆದರೆ ಹೆಚ್ಚಿನವರು ಮಾಡುವಂತೆ ಮೊದಲು ಹಬ್ಬವೊಂದನ್ನು ಆರಿಸಿ, ಅದರ ದಿನಾಂಕಕ್ಕೆ ಪ್ರಯಾಣವನ್ನೆಲ್ಲ ಕಟ್ಟಿಹಾಕಬೇಡಿ. ಮೊದಲು ಪ್ರದೇಶವನ್ನು ಆರಿಸಿ. ಆಮೇಲೆ ಎತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರುವ ಹಾದಿಯನ್ನು ಹಾಕಿಕೊಳ್ಳಿ. ಆ ಹಾದಿಯಲ್ಲಿ ಯಾವ ಹಬ್ಬ ಸಿಗುತ್ತದೆ ಎಂಬುದನ್ನು ಕೊನೆಗೆ ನೋಡಿ. ಈ ಕ್ರಮ ತಲೆಕೆಳಗಾದಾಗಲೇ ಬಹುತೇಕ ಪ್ರವಾಸಗಳು ಕೆಡುತ್ತವೆ. ಅನುಮತಿ ಸಿಗದ ಊರಿಗೆ ಟಿಕೆಟ್ ಮಾಡಿಸಿಕೊಂಡವರೂ, ಹಬ್ಬದ ದಿನ ತಲುಪಲೇಬೇಕೆಂದು ಒಂದೇ ದಿನದಲ್ಲಿ 4,000 ಮೀಟರ್ ಎತ್ತರಕ್ಕೆ ಏರಿ, ಹಬ್ಬ ನಡೆಯುವಾಗ ಹೋಟೆಲಿನ ಹಾಸಿಗೆಯಲ್ಲಿ ಮಲಗಿದವರೂ ಕಡಿಮೆಯಿಲ್ಲ.

ನಕ್ಷೆಯಿಂದ ಶುರುಮಾಡೋಣ. ಟಿಬೆಟನ್ನರು ತಮ್ಮ ನಾಡನ್ನು ಮೂರು ಭಾಗಗಳಾಗಿ ಎಣಿಸುತ್ತಾರೆ: ಲ್ಹಾಸಾ ಮತ್ತು ಶಿಗಾತ್ಸೆ ಇರುವ ಉ-ತ್ಸಾಂಗ್, ಪೂರ್ವದ ಆಳವಾದ ಕಣಿವೆಗಳ ಖಾಮ್, ಈಶಾನ್ಯದ ಹುಲ್ಲುಗಾವಲುಗಳ ಅಮ್ದೊ. ಚೀನಾ ಸರ್ಕಾರ 1965ರಲ್ಲಿ ರಚಿಸಿದ ಟಿಬೆಟ್ ಸ್ವಾಯತ್ತ ಪ್ರದೇಶದೊಳಗೆ ಬರುವುದು ಉ-ತ್ಸಾಂಗ್ ಮತ್ತು ಖಾಮ್‌ನ ಪಶ್ಚಿಮ ಭಾಗ. ಅಮ್ದೊದ ಬಹುಪಾಲು ಇಂದು ಚಿಂಗ್‌ಹಾಯ್, ಗಾನ್ಸು ಮತ್ತು ಉತ್ತರ ಸಿಚುವಾನ್‌ನಲ್ಲಿದೆ. ಪೂರ್ವ ಖಾಮ್ ಸಿಚುವಾನ್, ಯುನ್ನಾನ್ ಮತ್ತು ಚಿಂಗ್‌ಹಾಯ್ ಪ್ರಾಂತ್ಯಗಳಲ್ಲಿ ಹಂಚಿಹೋಗಿದೆ. ನಿಮ್ಮ ಪ್ರವಾಸದ ಸ್ವರೂಪವನ್ನು ನಿರ್ಧರಿಸುವುದು ಈ ಆಡಳಿತದ ಗೆರೆಯೇ. ಗೆರೆಯ ಪಶ್ಚಿಮಕ್ಕೆ, ಅಂದರೆ ಸ್ವಾಯತ್ತ ಪ್ರದೇಶದೊಳಗೆ, ಚೀನೀ ವೀಸಾ ಇದ್ದರೂ ವಿದೇಶಿಯರು ಸ್ವತಂತ್ರವಾಗಿ ತಿರುಗುವಂತಿಲ್ಲ. ನೋಂದಾಯಿತ ಪ್ರವಾಸ ಸಂಸ್ಥೆಯ ಮೂಲಕ ಪಡೆದ ಪ್ರತ್ಯೇಕ ಅನುಮತಿಪತ್ರ, ಮೊದಲೇ ಗೊತ್ತುಮಾಡಿದ ಮಾರ್ಗ ಮತ್ತು ಜೊತೆಗೊಬ್ಬ ಮಾರ್ಗದರ್ಶಿ ಕಡ್ಡಾಯ. ಲ್ಹಾಸಾದಿಂದ ಹೊರಗಿನ ಹಲವು ಊರುಗಳಿಗೆ ಇನ್ನೊಂದು ಅನುಮತಿಯೂ ಬೇಕು. ಗೆರೆಯ ಪೂರ್ವಕ್ಕೆ ಸಾಮಾನ್ಯ ಚೀನೀ ಪ್ರವಾಸಿ ವೀಸಾವೇ ಸಾಕಾಗುತ್ತದೆ. ಅಲ್ಲಿ ನೀವೇ ಬಸ್ಸು ಹತ್ತಬಹುದು, ಎರಡು ದಿನ ಹೆಚ್ಚು ಉಳಿಯಬೇಕೆನಿಸಿದರೆ ಉಳಿಯಬಹುದು.

ಈಗ ನಿಮ್ಮ ಮೂಲ ಮಠಗಳು ಎಲ್ಲಿವೆ ನೋಡಿ. ಸೆರಾ ಲ್ಹಾಸಾದ ಅಂಚಿನಲ್ಲಿದೆ, 1419ರಲ್ಲಿ ಸ್ಥಾಪನೆಯಾದದ್ದು. ಬೈಲಕುಪ್ಪೆಯಲ್ಲಿಯೇ ಇರುವ ತಾಶಿ ಲ್ಹುನ್ಪೊ ಮಠದ ಮೂಲ ಶಿಗಾತ್ಸೆಯಲ್ಲಿದೆ. ಮುಂಡಗೋಡಿನ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳ ಮೂಲಗಳೂ ಲ್ಹಾಸಾದ ಸುತ್ತಲೇ ಇವೆ. ಇವೆಲ್ಲ ಅನುಮತಿಪತ್ರದ ಗೆರೆಯೊಳಗೆ ಬರುತ್ತವೆ. ಆದರೆ ನಮ್‌ಡ್ರೋಲಿಂಗ್‌ನ ಮೂಲವಾದ ಪಲ್ಯುಲ್ ಮಠ ಖಾಮ್‌ನಲ್ಲಿ, ಇಂದಿನ ಸಿಚುವಾನ್‌ನ ಬಾಯ್‌ಯು ಎಂಬಲ್ಲಿದೆ. 1665ರಲ್ಲಿ ಡೆರ್ಗೆ ಅರಸರ ಆಶ್ರಯದಲ್ಲಿ ಸ್ಥಾಪನೆಯಾದ ಈ ಮಠದ ಪೀಠಾಧಿಪತಿಯಾಗಿದ್ದ ಪೆನೋರ್ ರಿನ್ಪೋಚೆ ಅವರೇ ಭಾರತಕ್ಕೆ ಬಂದು 1963ರಲ್ಲಿ ನಮ್‌ಡ್ರೋಲಿಂಗ್ ಕಟ್ಟಿದರು. ಕೊಳ್ಳೇಗಾಲದ ಆಚೆ ಒಡೆಯರಪಾಳ್ಯದಲ್ಲಿರುವ ಝೊಗ್ಚೆನ್ ಮಠದ ಮೂಲವೂ ಅದೇ ಡೆರ್ಗೆ ಸೀಮೆಯಲ್ಲಿದೆ. ಕರ್ನಾಟಕದಲ್ಲಿ ಬೇರೂರಿದ ಎರಡು ಪರಂಪರೆಗಳ ತವರು ಹೀಗೆ ಸ್ವಾಯತ್ತ ಪ್ರದೇಶದ ಹೊರಗೇ ಇರುವುದರಿಂದ, ನೀವು ಬಯಸುವ ನಿಧಾನದ ಪ್ರಯಾಣಕ್ಕೆ ಸೂಕ್ತವಾದದ್ದು ಅಮ್ದೊ ಮತ್ತು ಪೂರ್ವ ಖಾಮ್ ಎಂಬುದು ನನ್ನ ಖಚಿತ ಅಭಿಪ್ರಾಯ. ಲ್ಹಾಸಾದ ಸೆರಾವನ್ನು ಬೇರೆಯದೇ ಪ್ರವಾಸವಾಗಿ ಇಟ್ಟುಕೊಳ್ಳಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಪೂರ್ವದಲ್ಲಿ ಎಲ್ಲವೂ ಮುಕ್ತ ಎಂದು ಮಾತ್ರ ತಿಳಿಯಬೇಡಿ. 1980ರಲ್ಲಿ ಖೆನ್ಪೊ ಜಿಗ್ಮೆ ಫುಂತ್ಸೊಕ್ ಅವರು ಆರಂಭಿಸಿದ ಸೆರ್ತಾರ್‌ನ ಲಾರುಂಗ್ ಗಾರ್ ವಿದ್ಯಾಕೇಂದ್ರದ ಕೆಂಪು ಮನೆಗಳ ಚಿತ್ರ ಎಲ್ಲರೂ ನೋಡಿದ್ದೇ. ಅಲ್ಲಿ 2016ರಿಂದ ಸಾವಿರಾರು ಭಿಕ್ಷು, ಭಿಕ್ಷುಣಿಯರ ವಸತಿಗಳನ್ನು ಕೆಡವಲಾಯಿತು. ಆ ತಾಲ್ಲೂಕು ವಿದೇಶಿಯರಿಗೆ ಮುಚ್ಚಿದೆ. ಅಂಥದೇ ಇನ್ನೊಂದು ಕೇಂದ್ರವಾದ ಯಾರ್ಚೆನ್ ಗಾರ್ ಕೂಡ ಹಾಗೆಯೇ. 2009ರಿಂದಾಚೆಗೆ ಆತ್ಮಾಹುತಿಗಳನ್ನು ಕಂಡ, ಸಿಚುವಾನ್‌ನ ಙಾವಾ ಪಟ್ಟಣಕ್ಕೂ ವಿದೇಶಿಯರನ್ನು ಬಿಡುವುದು ಅಪರೂಪ. ಯಾರ್ಚೆನ್ ಇರುವುದು ಬಾಯ್‌ಯು ತಾಲ್ಲೂಕಿನಲ್ಲೇ ಆದ್ದರಿಂದ ಪಲ್ಯುಲ್‌ನತ್ತ ಹೋಗುವ ದಾರಿಯೂ ಆಗಾಗ ಮುಚ್ಚುತ್ತದೆ. ಇಂಥ ನಿರ್ಬಂಧಗಳು ಮುಂಚಿತವಾಗಿ ಪ್ರಕಟವಾಗುವುದಿಲ್ಲ. ರಸ್ತೆಯ ತಪಾಸಣಾ ಠಾಣೆಯಲ್ಲಿ ಪಾಸ್‌ಪೋರ್ಟ್ ನೋಡಿ ಹಿಂದಕ್ಕೆ ಕಳುಹಿಸಿದಾಗಲೇ ತಿಳಿಯುವುದು. ಹಾಗಾದಾಗ ವಾದಿಸದೆ ಮರಳಬೇಕು, ಏಕೆಂದರೆ ನಿಮ್ಮನ್ನು ಕರೆತಂದ ಚಾಲಕನ ಜೀವನೋಪಾಯ ಆ ಠಾಣೆಯ ಸಿಬ್ಬಂದಿಯ ಮರ್ಜಿಯಲ್ಲಿರುತ್ತದೆ. ಪಲ್ಯುಲ್ ಸಿಗದಿದ್ದರೆ ಝೊಗ್ಚೆನ್, ಅದೂ ಆಗದಿದ್ದರೆ ಡೆರ್ಗೆ ಎಂದು ಮನಸ್ಸಿನಲ್ಲಿ ಮೊದಲೇ ಪರ್ಯಾಯಗಳನ್ನು ಇಟ್ಟುಕೊಂಡು ಹೊರಡಿ.

ಇನ್ನು ಹಬ್ಬದ ದಿನಗಳ ವಿಚಾರ. ಟಿಬೆಟನ್ ಪಂಚಾಂಗ ಭಾರತದಿಂದ ಹೋದ ಕಾಲಚಕ್ರ ತಂತ್ರವನ್ನು ಆಧರಿಸಿದ್ದು. ಅದರ ಅರವತ್ತು ವರ್ಷಗಳ ಆವರ್ತದ ಎಣಿಕೆ ಕ್ರಿ.ಶ. 1027ರಿಂದ ನಡೆದುಬಂದಿದೆ. ತಿಥಿಕ್ಷಯ, ತಿಥಿವೃದ್ಧಿ, ಅಧಿಕಮಾಸ ಇವೆಲ್ಲ ಅದರಲ್ಲಿಯೂ ಇರುವುದರಿಂದ ನಮ್ಮ ಮನೆಗಳ ಪಂಚಾಂಗ ಓದಿ ಅಭ್ಯಾಸವಿರುವವರಿಗೆ ಅದು ಬೇಗ ಅರ್ಥವಾಗುತ್ತದೆ. ಗೊಂದಲವಿರುವುದು ಬೇರೆ ಕಡೆ. ಅಮ್ದೊದ ಅನೇಕ ಮಠಗಳೂ ಹಳ್ಳಿಗಳೂ ಹಬ್ಬಗಳನ್ನು ಚೀನೀ ಚಾಂದ್ರಮಾನ ಪಂಚಾಂಗದಂತೆ ನಡೆಸುತ್ತವೆ. ಲ್ಹಾಸಾದವರು ಮತ್ತು ಬೈಲಕುಪ್ಪೆಯವರು ಟಿಬೆಟನ್ ಪಂಚಾಂಗವನ್ನು ಅನುಸರಿಸುತ್ತಾರೆ. ಈ ಎರಡು ಪಂಚಾಂಗಗಳು ಅಧಿಕಮಾಸವನ್ನು ಬೇರೆ ಬೇರೆ ಕಡೆ ಸೇರಿಸುವುದರಿಂದ ಕೆಲವು ವರ್ಷ ಒಂದು ದಿನದ ಅಂತರ ಬಂದರೆ, ಕೆಲವು ವರ್ಷ ಇಡೀ ತಿಂಗಳಿನ ಅಂತರ ಬೀಳುತ್ತದೆ. 2025ರಲ್ಲಿ ಚೀನೀ ಹೊಸವರ್ಷ ಜನವರಿ 29ಕ್ಕೆ ಬಂದಿತ್ತು, ಟಿಬೆಟನ್ ಹೊಸವರ್ಷವಾದ ಲೋಸರ್ ಫೆಬ್ರವರಿ 28ಕ್ಕೆ. ಬೈಲಕುಪ್ಪೆಯ ಮಿತ್ರರು ಹೇಳಿದ ಲೋಸರ್ ದಿನಾಂಕ ಹಿಡಿದು ಆ ವರ್ಷ ಅಮ್ದೊಗೆ ಹೋದವರಿಗೆ ಅಲ್ಲಿನ ಹೊಸವರ್ಷದ ಪ್ರಾರ್ಥನೋತ್ಸವವಾದ ಮೊನ್ಲಮ್ ಮುಗಿದು ಎರಡು ವಾರ ಕಳೆದಿರುತ್ತಿತ್ತು. ಆದ್ದರಿಂದ ಯಾವುದೇ ದಿನಾಂಕ ಕೇಳಿದಾಗ ಅದು ಯಾವ ಪಂಚಾಂಗದ ಲೆಕ್ಕ ಎಂದೂ ಕೇಳಿ.

ಚಳಿಗಾಲದ ಹಬ್ಬಗಳಲ್ಲಿ ಶ್ರೇಷ್ಠವಾದದ್ದು ಗಾನ್ಸುವಿನ ಶಿಯಾಹೆ ಪಟ್ಟಣದ ಲಬ್ರಂಗ್ ಮಠದ ಮೊನ್ಲಮ್ ಪ್ರಾರ್ಥನೋತ್ಸವ. 1709ರಲ್ಲಿ ಮೊದಲನೆಯ ಜಮ್ಯಾಂಗ್ ಝೆಪಾ ಸ್ಥಾಪಿಸಿದ ಈ ಮಠ, ಸೆರಾ ಮಠವೂ ಸೇರಿದ ಗೆಲುಗ್ ಪಂಥದ ಅತಿ ದೊಡ್ಡ ವಿದ್ಯಾಪೀಠಗಳಲ್ಲೊಂದು. ಮೊದಲ ತಿಂಗಳ 13ನೇ ದಿನ ಬೆಳಿಗ್ಗೆ ಬುದ್ಧನ ಚಿತ್ರವಿರುವ ಬೃಹತ್ ಬಟ್ಟೆಯ ಪಟವಾದ ಥಾಂಗ್ಕಾವನ್ನು ಭಿಕ್ಷುಗಳು ಸಾಲಾಗಿ ಹೆಗಲ ಮೇಲೆ ಹೊತ್ತು, ನದಿ ದಾಟಿ, ಎದುರಿನ ಬೆಟ್ಟದ ಇಳಿಜಾರಿನಲ್ಲಿ ಬಿಚ್ಚುತ್ತಾರೆ. ಹಳದಿ ಮುಸುಕು ಸರಿದು ಬುದ್ಧನ ಮುಖ ಕಾಣುವ ಆ ಹೊತ್ತಿನಲ್ಲಿ ಸಾವಿರಾರು ಮಂದಿ ಅಲೆಮಾರಿ ಕುರುಬರು, ರೈತರು, ಮುದುಕಿಯರು ಒಮ್ಮೆಗೇ ಮುಂದಕ್ಕೆ ಬಾಗುತ್ತಾರೆ. 14ರಂದು ಮುಖವಾಡಗಳ ಛಮ್ ನೃತ್ಯ, 15ರ ರಾತ್ರಿ ಬೆಣ್ಣೆಯಲ್ಲಿ ಕಡೆದ ಮೂರ್ತಿಗಳ ಪ್ರದರ್ಶನ, 16ರಂದು ಮೈತ್ರೇಯ ಬುದ್ಧನ ಮೂರ್ತಿಯ ಮೆರವಣಿಗೆ. ಇದನ್ನು ಕಂಡವರು ಬದುಕಿಡೀ ಮರೆಯಲಾರರು. ಆದರೆ ಆ ಹೊತ್ತಿನಲ್ಲಿ ಶಿಯಾಹೆಯ ರಾತ್ರಿಗಳು ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುತ್ತವೆ. ಚೀನೀ ಹೊಸವರ್ಷದ ರಜೆಯ ಜನಸಂದಣಿಯಲ್ಲಿ ರೈಲು, ಬಸ್ಸಿನ ಟಿಕೆಟ್ ಸಿಗುವುದು ಕಷ್ಟ. ನಿಮ್ಮ ಮೊದಲ ಪ್ರಯಾಣಕ್ಕೆ ನಾನು ಇದನ್ನು ಸೂಚಿಸಲಾರೆ. ಲ್ಹಾಸಾದ ಲೋಸರ್ ಆಸೆಯನ್ನಂತೂ ಬಿಟ್ಟುಬಿಡಿ. 1959ರ ಮಾರ್ಚ್ 10ರ ದಂಗೆಯ ವಾರ್ಷಿಕ ದಿನ ಹತ್ತಿರ ಬರುವುದರಿಂದ ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ ಸ್ವಾಯತ್ತ ಪ್ರದೇಶವನ್ನು ವಿದೇಶಿಯರಿಗೆ ಮುಚ್ಚುವುದು 2008ರ ಪ್ರತಿಭಟನೆಗಳ ನಂತರ ವಾಡಿಕೆಯಾಗಿದೆ.

ನಿಮಗೆ ನಾನು ಮನಸಾರೆ ಸೂಚಿಸುವುದು ಅಲ್ಲಿನ ಬೇಸಿಗೆಯ, ಅಂದರೆ ಜುಲೈ, ಆಗಸ್ಟ್ ಹೊತ್ತಿನ ರೆಬ್‌ಗೊಂಗ್. ಚಿಂಗ್‌ಹಾಯ್ ಪ್ರಾಂತ್ಯದ ತೊಂಗ್‌ರೆನ್ ಪಟ್ಟಣದ ಸುತ್ತಲಿನ ಈ ಕಣಿವೆ ಥಾಂಗ್ಕಾ ಚಿತ್ರಕಾರರ ನಾಡು. ಇಲ್ಲಿನ ಕಲೆಯನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆರನೇ ಚಾಂದ್ರಮಾಸದ ಹುಣ್ಣಿಮೆ ಕಳೆಯುತ್ತಿದ್ದಂತೆ ಹಳ್ಳಿಯಿಂದ ಹಳ್ಳಿಗೆ ಸರದಿಯಂತೆ ಲುರೋಲ್ ಹಬ್ಬ ನಡೆಯುತ್ತದೆ. ಆ ತಿಂಗಳ 25ರ ವೇಳೆಗೆ ಮುಗಿಯುತ್ತದೆ. ಇದು ಮಠದ ಹಬ್ಬವಲ್ಲ, ಊರಿನ ಬೆಟ್ಟದ ದೇವತೆಗಳ ಹಬ್ಬ. ದೇವರು ಮೈಮೇಲೆ ಬರುವ ಲ್ಹಾವಾ ಎಂಬ ಪಾತ್ರಿ ಎಲ್ಲವನ್ನೂ ನಡೆಸುತ್ತಾನೆ. ಊರಿನ ಗಂಡಸರು ಚರ್ಮದ ತಮಟೆ ಹಿಡಿದು ಕುಣಿಯುತ್ತಾರೆ, ಹೆಣ್ಣುಮಕ್ಕಳು ಹವಳ ಮತ್ತು ಅಂಬರಿನ ಒಡವೆ ತೊಟ್ಟು ಸಾಲಾಗಿ ನಿಧಾನಗತಿಯಲ್ಲಿ ನರ್ತಿಸುತ್ತಾರೆ, ಕೆಲವು ಯುವಕರು ಕೆನ್ನೆಗೆ ಲೋಹದ ಸಲಾಕೆ ಚುಚ್ಚಿಸಿಕೊಳ್ಳುತ್ತಾರೆ. ನಮ್ಮ ಮಾರಿಜಾತ್ರೆಗಳಲ್ಲಿ ಬಾಯಿಬೀಗ ಹಾಕಿಸಿಕೊಂಡ ಹರಕೆಯವರನ್ನು ಕಂಡಿರುವ ಕನ್ನಡಿಗರು ಇದನ್ನು ನೋಡಿ ಬೆಚ್ಚುವುದಿಲ್ಲ. ಹರಕೆಯ ಹಿಂದಿನ ಶ್ರದ್ಧೆ ಅವರಿಗೆ ತಾನಾಗಿ ತಿಳಿಯುತ್ತದೆ. ಇಲ್ಲಿ ಅನುಕೂಲವಾದ ಇನ್ನೊಂದು ಸಂಗತಿಯೆಂದರೆ ಹಬ್ಬ ಒಂದು ವಾರಕ್ಕೂ ಹೆಚ್ಚು ಕಾಲ ಬೇರೆ ಬೇರೆ ಹಳ್ಳಿಗಳಲ್ಲಿ ನಡೆಯುವುದರಿಂದ ಒಂದು ದಿನ ತಡವಾದರೂ ಏನೂ ಕೈತಪ್ಪುವುದಿಲ್ಲ. ಎತ್ತರವೂ ಸುಮಾರು 2,500 ಮೀಟರ್ ಮಾತ್ರ.

ಖಾಮ್‌ನಲ್ಲಿ ಬೇಸಿಗೆಯ ಹಬ್ಬವೆಂದರೆ ಕುದುರೆ ಓಟ. ಯುಶು, ಲಿತಾಂಗ್ ಮೊದಲಾದ ಕಡೆ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಹುಲ್ಲುಗಾವಲಿನಲ್ಲಿ ಡೇರೆಗಳ ಊರೇ ಏಳುತ್ತದೆ. ಆದರೆ ದೊಡ್ಡ ಜನಸ್ತೋಮ ಸೇರುವ ಈ ಹಬ್ಬಗಳು ಆಡಳಿತದ ನಿರ್ಧಾರಕ್ಕೆ ಒಳಪಟ್ಟಿವೆ. 2007ರಲ್ಲಿ ಲಿತಾಂಗ್‌ನ ಹಬ್ಬದ ವೇದಿಕೆಯಲ್ಲಿ ಅಲೆಮಾರಿಯೊಬ್ಬ ದಲಾಯಿ ಲಾಮಾ ಮರಳಬೇಕೆಂದು ಹೇಳಿ ಬಂಧನಕ್ಕೊಳಗಾದ ಮೇಲೆ ಅಲ್ಲಿನ ಹಬ್ಬ ಅನೇಕ ವರ್ಷ ನಡೆಯಲಿಲ್ಲ. ಇಂಥದ್ದನ್ನು ಪ್ರಯಾಣದ ಕೇಂದ್ರವಾಗಿ ಇಟ್ಟುಕೊಳ್ಳಬಾರದು. ಹೋದ ದಾರಿಯಲ್ಲಿ ಸಿಕ್ಕರೆ ನಿಂತು ನೋಡಬೇಕು. ಪಲ್ಯುಲ್, ಝೊಗ್ಚೆನ್ ಸೇರಿದ ಞಿಂಗ್ಮಾ ಪಂಥದ ಮಠಗಳಲ್ಲಿ ಗುರು ಪದ್ಮಸಂಭವನಿಗೆ ಮೀಸಲಾದ ಶುಕ್ಲ ದಶಮಿಯಂದು ಪೂಜೆ ತಪ್ಪದೆ ನಡೆಯುತ್ತದೆ, ಬೇಸಿಗೆಯ ದಶಮಿಗೆ ಹಲವೆಡೆ ಛಮ್ ಕೂಡ ಇರುತ್ತದೆ. ಪ್ರಚಾರವೇ ಇಲ್ಲದ ಇಂಥ ಸಣ್ಣ ಮಠವೊಂದರ ಅಂಗಳದಲ್ಲಿ, ಊರಿನವರ ನಡುವೆ ನೆಲದ ಮೇಲೆ ಕೂತು ನೋಡಿದ ಛಮ್, ದೊಡ್ಡ ಊರಿನಲ್ಲಿ ಕ್ಯಾಮೆರಾಗಳ ಹಿಂದೆ ತುದಿಗಾಲಲ್ಲಿ ನಿಂತು ನೋಡಿದ್ದಕ್ಕಿಂತ ಹೆಚ್ಚು ಮನಸ್ಸಿಗೆ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮಾರ್ಗದ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವರು ಚೆಂಗ್ಡುವಿನಿಂದ 318ನೇ ಹೆದ್ದಾರಿ ಹಿಡಿದು ನೇರ ಪಶ್ಚಿಮಕ್ಕೆ ಹೊರಡುತ್ತಾರೆ. ಚೆಂಗ್ಡು ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ, ಕಾಂಗ್‌ಡಿಂಗ್ 2,500, ಅಲ್ಲಿಂದ ಮರುದಿನವೇ 4,000 ಮೀಟರ್ ಎತ್ತರದ ಲಿತಾಂಗ್. ಅರವತ್ತರ ವಯಸ್ಸಿನವರು ಎರಡೇ ರಾತ್ರಿಗಳಲ್ಲಿ ಇಷ್ಟು ಏರುವುದು ಅಪಾಯ. 4,411 ಮೀಟರ್ ಎತ್ತರದ ದಾವ್‌ಚೆಂಗ್ ವಿಮಾನ ನಿಲ್ದಾಣದಲ್ಲಿ ನೇರವಾಗಿ ಇಳಿಯುವುದು ಇನ್ನೂ ಕೆಟ್ಟದ್ದು. ನನ್ನ ಸಲಹೆ ಇದರ ವಿರುದ್ಧ ದಿಕ್ಕಿನದು. ಉತ್ತರದ ಶಿನಿಂಗ್ ನಗರದಿಂದ ಶುರುಮಾಡಿ ದಕ್ಷಿಣಕ್ಕೆ ಇಳಿಯುತ್ತಾ ಬನ್ನಿ. ಶಿನಿಂಗ್ ಸುಮಾರು 2,270 ಮೀಟರ್ ಎತ್ತರದಲ್ಲಿದೆ, ಚೀನಾದ ದೊಡ್ಡ ನಗರಗಳಿಂದ ರೈಲಿನಲ್ಲಿ ತಲುಪಬಹುದು. ಅಲ್ಲಿ ಎರಡು ಮೂರು ದಿನ ತಂಗಿ, ಹತ್ತಿರದ ಕುಂಬುಮ್ ಮಠ ನೋಡಿ. ಗೆಲುಗ್ ಪಂಥದ ಸ್ಥಾಪಕ, ಅಂದರೆ ನಮ್ಮ ಸೆರಾ, ಗಾಂದೆನ್, ಡ್ರೆಪುಂಗ್ ಮಠಗಳ ಪರಂಪರೆಯ ಮೂಲಪುರುಷ ತ್ಸೋಂಗ್‌ಖಪ 1357ರಲ್ಲಿ ಹುಟ್ಟಿದ್ದು ಆ ಜಾಗದಲ್ಲೇ. ಆಮೇಲೆ ರೆಬ್‌ಗೊಂಗ್‌ನಲ್ಲಿ ನಾಲ್ಕೈದು ದಿನ ಇದ್ದು ಹಬ್ಬ ನೋಡಿ, ರೊಂಗ್ವೊ ಮಠವನ್ನೂ ಚಿತ್ರಕಾರರ ಹಳ್ಳಿಗಳನ್ನೂ ಕಂಡು, ಹುಲ್ಲುಗಾವಲು ದಾಟಿ ಸುಮಾರು 2,900 ಮೀಟರ್ ಎತ್ತರದ ಶಿಯಾಹೆಗೆ ಹೋಗಿ. ಲಬ್ರಂಗ್ ಮಠವನ್ನು ಸುತ್ತುವರಿದ ಪ್ರಾರ್ಥನಾ ಚಕ್ರಗಳ ಪ್ರದಕ್ಷಿಣಾಪಥ ಮೂರು ಕಿಲೋಮೀಟರ್‌ಗೂ ಉದ್ದವಾಗಿದೆ. ಬೆಳಗಿನ ಆರು ಗಂಟೆಗೆ ಯಾತ್ರಿಕರ ಜೊತೆ ಅದನ್ನು ಒಂದು ಸುತ್ತು ಬಂದರೆ ಆ ಮಠದ ಬಗ್ಗೆ ಯಾವ ಮಾರ್ಗದರ್ಶಿಯೂ ಹೇಳದಷ್ಟು ತಿಳಿಯುತ್ತದೆ.

ಶಿಯಾಹೆಯಿಂದ ದಕ್ಷಿಣಕ್ಕೆ ಗಾನ್ಸು ಮತ್ತು ಸಿಚುವಾನ್ ಗಡಿಯ ಮೇಲೆಯೇ ಕೂತಿರುವ ಲಾಂಗ್‌ಮುಸಿ. ಸುಮಾರು 3,300 ಮೀಟರ್. ಸಣ್ಣ ಹೊಳೆಯೊಂದರ ಆಚೆ ಈಚೆ, ಎರಡು ಪ್ರಾಂತ್ಯಗಳಲ್ಲಿ, ಕೀರ್ತಿ ಮತ್ತು ಸೆರ್ತ್ರಿ ಎಂಬ ಎರಡು ಮಠಗಳಿವೆ. ಮುಂದೆ ಝೊಯ್ಗೆಯ ಹುಲ್ಲುಗಾವಲು ದಾಟಿ ಬಾರ್ಕಮ್, ದಾನ್‌ಬಾ ಕಣಿವೆಗಳಿಗೆ ಇಳಿಯುತ್ತೀರಿ. ದಾನ್‌ಬಾ 2,000 ಮೀಟರ್‌ಗಿಂತ ಕೆಳಗಿದೆ, ದೇಹಕ್ಕೆ ಒಳ್ಳೆಯ ವಿಶ್ರಾಂತಿ. ಎರಡು ವಾರ ಎತ್ತರದಲ್ಲಿದ್ದು ಪಳಗಿದ ಮೇಲೆ ದಾವ್‌ಫು, ಗಾನ್‌ಝಿ, ಮಣಿಗಂಗೊ ಮೂಲಕ ಡೆರ್ಗೆಗೆ ಏರಬಹುದು. ಮಣಿಗಂಗೊದಿಂದ ಉತ್ತರಕ್ಕೆ ಕವಲೊಡೆಯುವ ದಾರಿಯಲ್ಲಿ, ಹಿಮಶಿಖರಗಳ ಬುಡದಲ್ಲಿ, ಝೊಗ್ಚೆನ್ ಮಠವಿದೆ. ಪಶ್ಚಿಮದ ದಾರಿಯಲ್ಲಿ ಟ್ರೊ ಲಾ ಕಣಿವೆಮಾರ್ಗ. 5,000 ಮೀಟರ್ ದಾಟುವ ಆ ಘಟ್ಟದ ಹಳೆಯ ರಸ್ತೆ ಚಾಲಕರಿಗೆ ದುಃಸ್ವಪ್ನವಾಗಿತ್ತು. 2017ರಲ್ಲಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗ ತೆರೆದ ಮೇಲೆ ಎರಡು ಗಂಟೆಯ ಆ ಹಾದಿ ಹತ್ತು ನಿಮಿಷಕ್ಕೆ ಇಳಿದಿದೆ.

ಡೆರ್ಗೆಯಲ್ಲಿ ಕನಿಷ್ಠ ಎರಡು ದಿನ ಇರಿ. 1729ರಲ್ಲಿ ಡೆರ್ಗೆ ಅರಸ ತೆನ್ಪಾ ತ್ಸೆರಿಂಗ್ ಆರಂಭಿಸಿದ ಪರ್ಖಾಂಗ್ ಮುದ್ರಣಾಲಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮರದ ಅಚ್ಚುಗಳನ್ನು ಕಪಾಟುಗಳಲ್ಲಿ ಜೋಡಿಸಿಟ್ಟಿದ್ದಾರೆ. ಬುದ್ಧವಚನದ ಸಂಗ್ರಹವಾದ ಕಾಂಗ್ಯುರ್ ಅನ್ನು ಸಿತು ಪಂಚೆನ್ ಎಂಬ ವಿದ್ವಾಂಸರು ಪರಿಷ್ಕರಿಸಿ, ಇಲ್ಲಿ 1733ರ ವೇಳೆಗೆ ಅಚ್ಚುಗಳ ಕೆತ್ತನೆ ಪೂರೈಸಿತು. ಜಗತ್ತಿನಾದ್ಯಂತ ಟಿಬೆಟನ್ ಬೌದ್ಧ ಗ್ರಂಥಗಳ ಅಧ್ಯಯನಕ್ಕೆ ಡೆರ್ಗೆ ಪಾಠವೇ ಇಂದಿಗೂ ಮುಖ್ಯ ಆಧಾರ. ಕೆಲಸಗಾರರು ಇಬ್ಬಿಬ್ಬರಾಗಿ ಎದುರುಬದುರು ಕೂತು, ಒಬ್ಬ ಅಚ್ಚಿಗೆ ಮಸಿ ಬಳಿದರೆ ಇನ್ನೊಬ್ಬ ಹಾಳೆ ಹಾಸಿ ಉರುಳೆ ಎಳೆಯುತ್ತಾ, ಲಯ ತಪ್ಪದೆ ಇಡೀ ದಿನ ಮುದ್ರಿಸುತ್ತಾರೆ. ಚಳಿಗಾಲದಲ್ಲಿ ಈ ಕೆಲಸ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೋಗಿ ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ಡೆರ್ಗೆಯಿಂದ ದಕ್ಷಿಣಕ್ಕೆ ಒಂದು ದಿನದ ದಾರಿಯಲ್ಲಿ ಬಾಯ್‌ಯು. ಬೆಟ್ಟದ ಮೈಗೆ ಅಂಟಿಕೊಂಡು ಮೆಟ್ಟಿಲುಮೆಟ್ಟಿಲಾಗಿ ಏರುವ ಭಿಕ್ಷುಗಳ ಮನೆಗಳ ನಡುವೆ ಪಲ್ಯುಲ್ ಮಠ ನಿಂತಿದೆ.

ಈ ಪೂರ್ತಿ ಹಾದಿಗೆ ನಾಲ್ಕು ವಾರ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಅಮ್ದೊವನ್ನು ಮಾತ್ರ ನೋಡಿ ಮರಳಿ, ಖಾಮ್ ಅನ್ನು ಇನ್ನೊಂದು ವರ್ಷಕ್ಕೆ ಬಿಡಿ. ಎರಡನ್ನೂ ಎರಡು ವಾರದಲ್ಲಿ ತುರುಕಬೇಡಿ. ಜುಲೈ, ಆಗಸ್ಟ್‌ನಲ್ಲಿ ಖಾಮ್‌ನ ಕಣಿವೆಗಳಲ್ಲಿ ಮಳೆಯಿಂದ ಗುಡ್ಡ ಜರಿದು ರಸ್ತೆ ಒಂದೆರಡು ದಿನ ಮುಚ್ಚುವುದು ಸಾಮಾನ್ಯ. ಅದಕ್ಕಾಗಿ ಬಿಡುವಿನ ದಿನಗಳನ್ನು ಇಟ್ಟುಕೊಳ್ಳಿ. ಅಕ್ಟೋಬರ್ ಮೊದಲ ವಾರದ ಚೀನೀ ರಾಷ್ಟ್ರೀಯ ರಜೆಯಲ್ಲಿ ಅಲ್ಲಿರಬೇಡಿ. ಭಾರತದ ಅಥವಾ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಚೀನಾದಲ್ಲಿ ನಡೆಯುವುದಿಲ್ಲವಾದ್ದರಿಂದ ಬಸ್ಸು ಇಲ್ಲದ ಕಡೆ ಚಾಲಕನ ಸಮೇತ ಕಾರು ಗೊತ್ತುಮಾಡಿಕೊಳ್ಳಬೇಕು. ಸಾಧ್ಯವಾದಷ್ಟೂ ಸ್ಥಳೀಯ ಟಿಬೆಟನ್ ಚಾಲಕರನ್ನೇ ಹುಡುಕಿ: ಯಾವ ಊರಿನಲ್ಲಿ ಯಾವ ದಿನ ಪೂಜೆ, ಯಾವ ಠಾಣೆಯಲ್ಲಿ ಏನು ಪರಿಸ್ಥಿತಿ ಎಂಬುದು ಅವರಿಗೆ ಗೊತ್ತಿರುತ್ತದೆ. ನಿಲ್ದಾಣಗಳಲ್ಲಿ ಊರುಗಳ ಚೀನೀ ಹೆಸರುಗಳೇ ಬಳಕೆಯಲ್ಲಿರುವುದರಿಂದ ರೆಬ್‌ಗೊಂಗ್‌ಗೆ ತೊಂಗ್‌ರೆನ್, ಪಲ್ಯುಲ್‌ಗೆ ಬಾಯ್‌ಯು ಎಂದು ಎರಡೂ ಹೆಸರುಗಳನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ. ಬೈಲಕುಪ್ಪೆಯಲ್ಲಿ ಕಲಿತ ನಾಲ್ಕು ಟಿಬೆಟನ್ ಮಾತು ಅಮ್ದೊದಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಅಲ್ಲಿನ ಆಡುನುಡಿ ಲ್ಹಾಸಾದ ನುಡಿಗಿಂತ ತುಂಬ ದೂರ.

ಲ್ಹಾಸಾದ ಸೆರಾ ನೋಡಲೇಬೇಕೆಂದಿದ್ದರೆ ಶಿನಿಂಗ್‌ನಿಂದಲೇ ರೈಲು ಹಿಡಿಯಬಹುದು. 2006ರಲ್ಲಿ ಆರಂಭವಾದ ಈ ರೈಲುಮಾರ್ಗ 1,956 ಕಿಲೋಮೀಟರ್ ಉದ್ದವಿದ್ದು, ತಾಂಗುಲಾದಲ್ಲಿ 5,072 ಮೀಟರ್ ಎತ್ತರವನ್ನು ದಾಟುತ್ತದೆ. ಅನುಮತಿಪತ್ರವಿಲ್ಲದೆ ರೈಲು ಹತ್ತಲು ಬಿಡುವುದಿಲ್ಲ. ನೇಪಾಳದ ಕಡೆಯಿಂದ ರಸ್ತೆಯಲ್ಲಿ ಹೋಗುವುದನ್ನು ನಾನು ನಿಮಗೆ ಹೇಳಲಾರೆ. ಕಾಠ್ಮಂಡುವಿನಲ್ಲಿ ಕೊಡುವ ಗುಂಪು ವೀಸಾದ ಮೇಲೆ ಹೋದವರು ಗುಂಪನ್ನು ಬಿಟ್ಟು ಪೂರ್ವಕ್ಕೆ ಸಾಗುವುದು ಕಷ್ಟ. ಗಡಿಯ ಕೆರುಂಗ್ ದಾಟಿದ ಮರುದಿನವೇ 5,000 ಮೀಟರ್ ಮೀರಿದ ಕಣಿವೆಮಾರ್ಗಗಳು ಎದುರಾಗುತ್ತವೆ. 2025ರ ಜುಲೈ ಪ್ರವಾಹದಲ್ಲಿ ಅದೇ ದಾರಿಯ ರಸುವಾಗಢಿಯ ಗಡಿ ಸೇತುವೆಯೇ ಕೊಚ್ಚಿಹೋಯಿತು. ಕೈಲಾಸ ಮಾನಸ ಸರೋವರ ಯಾತ್ರೆ ಐದು ವರ್ಷಗಳ ಬಿಡುವಿನ ನಂತರ 2025ರಲ್ಲಿ ಲಿಪುಲೇಖ್ ಮತ್ತು ನಾಥು ಲಾ ಮೂಲಕ ಮತ್ತೆ ಆರಂಭವಾಗಿದೆ. ಅದು ಸರ್ಕಾರ ನಡೆಸುವ, ದಿನದಿನದ ಕಾರ್ಯಕ್ರಮ ನಿಗದಿಯಾದ ಯಾತ್ರೆ. ಮಠಗಳನ್ನು ನಿಧಾನವಾಗಿ ನೋಡುವ ನಿಮ್ಮ ಉದ್ದೇಶಕ್ಕೆ ಒದಗುವುದಿಲ್ಲ. ಸೆರಾ ವಿಷಯದಲ್ಲಿ ಒಂದು ಮಾತನ್ನು ತಿಳಿದೇ ಹೋಗಿ. ಲ್ಹಾಸಾದ ಮೂಲ ಸೆರಾದಲ್ಲಿ ಈಗ ಕೆಲವು ನೂರು ಭಿಕ್ಷುಗಳಿದ್ದಾರೆ. ಬೈಲಕುಪ್ಪೆಯ ಸೆರಾದಲ್ಲಿ ಸಾವಿರಾರು. ಶಾಸ್ತ್ರಪಾಠ ಮತ್ತು ತರ್ಕದ ಆ ಸಂಪೂರ್ಣ ಕ್ರಮ ಇಂದು ಹೆಚ್ಚು ಹುರುಪಿನಿಂದ ನಡೆಯುತ್ತಿರುವುದು ನಿಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ.

ಆರೋಗ್ಯದ ಬಗ್ಗೆ ಸಡಿಲ ಬೇಡ. ಹೊರಡುವ ಮುನ್ನ ಇಬ್ಬರೂ ಹೃದಯ ಮತ್ತು ಶ್ವಾಸಕೋಶದ ತಪಾಸಣೆ ಮಾಡಿಸಿಕೊಳ್ಳಿ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಅಸೆಟಜೋಲಮೈಡ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ, ಆದರೆ ಸಲ್ಫಾ ಅಲರ್ಜಿ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅಂಗಡಿಗಳಲ್ಲಿ ಮಾರುವ ಆಮ್ಲಜನಕದ ಡಬ್ಬಿ ಕೆಲವು ನಿಮಿಷದ ಸಮಾಧಾನವಷ್ಟೇ. ಕೂತಲ್ಲೇ ಏದುಸಿರು, ನೇರವಾಗಿ ನಡೆಯಲಾಗದಿರುವುದು, ಮಾತಿನಲ್ಲಿ ಗಲಿಬಿಲಿ ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು. ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಹುರಿದ ಬಾರ್ಲಿಹಿಟ್ಟಿನ ತ್ಸಾಂಪಾ, ಯಾಕ್ ಹಾಲಿನ ಗಟ್ಟಿ ಮೊಸರು ಎಲ್ಲೆಡೆ ಸಿಗುತ್ತವೆ, ಆದರೆ ಮಠಗಳ ಅಡುಗೆಮನೆಯಲ್ಲಿಯೂ ಮಾಂಸ ಸಾಮಾನ್ಯ. ವೀಚಾಟ್ ಆ್ಯಪ್ ಭಾರತದಲ್ಲಿ 2020ರಿಂದ ನಿಷೇಧದಲ್ಲಿರುವುದರಿಂದ ಹಣ ಪಾವತಿಗೆ ಅಲಿಪೇ ಆ್ಯಪನ್ನು ಅಂತರರಾಷ್ಟ್ರೀಯ ಕಾರ್ಡಿಗೆ ಜೋಡಿಸಿಕೊಳ್ಳಿ, ಕೈಯಲ್ಲಿ ಸ್ವಲ್ಪ ನಗದನ್ನೂ ಇಡಿ.

ಮಠದೊಳಗಿನ ನಡವಳಿಕೆ ನಿಮಗೆ ಹೊಸದಲ್ಲ, ಆದರೂ ಕೆಲವು ಸಂಗತಿಗಳು ಬೈಲಕುಪ್ಪೆಗಿಂತ ಭಿನ್ನ. ಪ್ರದಕ್ಷಿಣೆ ಎಡದಿಂದ ಬಲಕ್ಕೆ. ಆದರೆ ಟಿಬೆಟ್ಟಿನ ಇನ್ನೊಂದು ಪ್ರಾಚೀನ ಧರ್ಮವಾದ ಬೋನ್‌ನ ಮಠಗಳಲ್ಲಿ ಅಪ್ರದಕ್ಷಿಣೆಯೇ ಕ್ರಮ, ಆದ್ದರಿಂದ ಊರಿನವರು ಹೋಗುವ ದಿಕ್ಕು ನೋಡಿ ಹೆಜ್ಜೆಯಿಡಿ. ಧರ್ಮಪಾಲ ದೇವತೆಗಳ ಗೊಂಖಾಂಗ್ ಗುಡಿಯಲ್ಲಿ ಚಿತ್ರ ತೆಗೆಯಬಾರದು, ಕೆಲವೆಡೆ ಅಲ್ಲಿಗೆ ಹೆಂಗಸರಿಗೆ ಪ್ರವೇಶವಿಲ್ಲ. ಶವವನ್ನು ಹದ್ದುಗಳಿಗೆ ಅರ್ಪಿಸುವ ಸಂಸ್ಕಾರವನ್ನು ತೋರಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ನಿರಾಕರಿಸಿ. ಅದು ಒಂದು ಮನೆಯವರ ದುಃಖ. ನೋಡಲು ಹೋಗುವ ಹಕ್ಕು ನಮಗಿಲ್ಲ.

ಕೊನೆಯದಾಗಿ, ಬೈಲಕುಪ್ಪೆಯ ನಂಟಿರುವವರೆಂಬ ಕಾರಣಕ್ಕೇ ನಿಮಗೆ ಹೇಳಲೇಬೇಕಾದ ಮಾತು. ದಲಾಯಿ ಲಾಮಾ ಅವರ ಚಿತ್ರ, ಪುಸ್ತಕ, ಟಿಬೆಟ್ ಧ್ವಜ ಯಾವುದನ್ನೂ ಒಯ್ಯಬೇಡಿ. ಫೋನಿನಲ್ಲಿರುವ ಅಂಥ ಚಿತ್ರಗಳನ್ನೂ ಹೊರಡುವ ಮುನ್ನ ತೆಗೆದಿಡಿ. ಬೈಲಕುಪ್ಪೆಯ ಪರಿಚಿತರು ಅಲ್ಲಿರುವ ಅಣ್ಣನಿಗೋ ತಾಯಿಗೋ ಒಂದು ಪತ್ರ, ಒಂದು ಪೊಟ್ಟಣ ಕೊಡಬಹುದೇ ಎಂದು ಕೇಳಿದರೆ, ಎಷ್ಟೇ ಕಷ್ಟವಾದರೂ ಆಗುವುದಿಲ್ಲ ಎನ್ನಿ. ಸಿಕ್ಕಿಬಿದ್ದರೆ ನಿಮ್ಮನ್ನು ದೇಶದಿಂದ ಹೊರಗೆ ಕಳುಹಿಸಬಹುದು. ಪತ್ರ ಪಡೆದ ಮನೆಯವರು ವರ್ಷಗಳ ಕಾಲ ಅದರ ಫಲ ಉಣ್ಣಬೇಕಾಗುತ್ತದೆ. ಮಠಗಳಲ್ಲಿ ರಾಜಕೀಯದ ಪ್ರಶ್ನೆ ಕೇಳಬೇಡಿ. ಭಿಕ್ಷುವೊಬ್ಬರು ತಾವಾಗಿ ಭಾರತದ ಮಠಗಳ ಬಗ್ಗೆ ವಿಚಾರಿಸಿದರೆ, ಸುತ್ತ ಯಾರಿದ್ದಾರೆಂದು ನೋಡಿಕೊಂಡು, ಅವರು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಿ. ಅವರ ಹೆಸರನ್ನಾಗಲಿ ಮುಖ ಕಾಣುವ ಚಿತ್ರವನ್ನಾಗಲಿ ಮರಳಿದ ಮೇಲೂ ಎಲ್ಲಿಯೂ ಹಂಚಿಕೊಳ್ಳಬೇಡಿ.